ಅತ್ತೆಯ ಪಾಲಿನ ನೀರು

ಹೊರಗಿನ ಗಾಳಿ ಕೆಟ್ಟು ಎಲ್ಲರೂ ನೆಲದಡಿಗೆ ಸೇರಿದ ಮೇಲೆ, ಉಸಿರಿಗೆ ಗಿಡಗಳೇ ಗತಿ; ಮನೆಯೊಳಗೆ ಎಷ್ಟು ಗಿಡವೋ ಅಷ್ಟೇ ಜನ ಇರಬೇಕೆಂಬ ನಿಯಮವಿತ್ತು. ಶೈಲಾ ತವರಿನಿಂದ ತಂದ ಲೋಳೆಸರ ಬುಡದಲ್ಲಿ ಮೆತ್ತಗಾಗಿತ್ತು. ಅದು ಸತ್ತರೆ ಅವಳು ಈ ಮನೆ ಬಿಡಬೇಕು. ಕುಂಡದೊಳಗೆ ಬೆರಳಿಟ್ಟರೆ ಕೆಸರು.

"ಅತ್ತಿ, ಇದಕ್ಕ ನೀರ ಹಾಕೀರೇನ್ರಿ?"

"ದಿನಾ ಹಾಕೀನಿ, ನನ್ನ ಪಾಲಿಂದು," ಎಂದರು ಚೆನ್ನವ್ವ. ಅವರ ತುಟಿ ಒಣಗಿ ಬಿರಿದಿತ್ತು. "ನೀ ಹೋಗಬಾರದಲ್ಲ."

ಶೈಲಾ ಗಿಡ ಕಿತ್ತು, ಕೊಳೆತ ಬೇರು ಕೊಯ್ದು, ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದಳು. ದೃಷ್ಟಿ ತಾಗದಿರಲೆಂದು ತವರಿನಲ್ಲಿ ಅಜ್ಜಿ ಹೀಗೆ ಕಟ್ಟಿದ್ದ ಲೋಳೆಸರ ಮಣ್ಣು ನೀರಿಲ್ಲದೆಯೂ ವರ್ಷಗಟ್ಟಲೆ ಹಸಿರಾಗಿರುತ್ತಿತ್ತು.

"ಹಂಗಾರ ನಾ ಇದಕ್ಕ ಏನ ಕೊಡ್ಲಿ?" ಎಂದರು ಚೆನ್ನವ್ವ.

ಶೈಲಾ ನೀರಿನ ಲೋಟವನ್ನು ಅತ್ತೆಯ ಕೈಗಿಟ್ಟು ಎದುರಿಗೇ ಕುಳಿತಳು. ಚೆನ್ನವ್ವ ಕುಡಿದರು. ಕೊನೆಯ ಗುಟುಕನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡು ಬಾಗಿಲ ಮೇಲಿನ ಗಿಡದತ್ತ ನೋಡತೊಡಗಿದರು.

"ನುಂಗ್ರಿ," ಎಂದಳು ಸೊಸೆ.