ತೋಳಿನ ಅಳತೆ

ಹೊಸ ಫ್ರಾಕು ಮಗಳ ಭುಜದ ಹತ್ತಿರವೇ ಸಿಕ್ಕಿಹಾಕಿಕೊಂಡಿತು. ತಲೆ ಮಾತ್ರ ಹೊರಬಂದಿತ್ತು. ಕೈಗಳೆರಡೂ ಬಟ್ಟೆಯೊಳಗೇ ಬಂದಿ.

"ಅಮ್ಮ, ಇದು ಯಾರದ್ದು?"

"ನಿಂದೇ ಕಣೆ. ನೀನೇ ಬರೆದಿಟ್ಟಿದ್ದೆಯಲ್ಲ, ಆರ್ಡರ್ ಪುಸ್ತಕದಲ್ಲಿ."

ಬರೆದಿದ್ದಳು, ನಿಜ. ಬಾಯಲ್ಲಿ ಮೂರು ಸಲ ಕೇಳಿ ಸಾಕಾಗಿ, ಒಂಬತ್ತು ವರ್ಷದ ಹುಡುಗಿ ಗಿರಾಕಿಗಳ ಸಾಲಿನಲ್ಲೇ ತನ್ನದೂ ಒಂದು ಸೇರಿಸಿದ್ದಳು: 'ಮಗಳು. ಒಂದು ಫ್ರಾಕು. ಶುಕ್ರವಾರ ಶಾಲೆ ನಾಟಕಕ್ಕೆ. ಅರ್ಜೆಂಟ್.' ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ನಡೆಸುವ ಅಮ್ಮ ಅದನ್ನು ಓದಿ ನಕ್ಕು, ಅಳತೆ ಪುಸ್ತಕದಲ್ಲಿ 'ಪುಟ್ಟಿ' ಎಂದಿದ್ದ ಹಾಳೆ ಹುಡುಕಿ, ಅದರಂತೆಯೇ ಕತ್ತರಿಸಿ ಹೊಲಿದುಬಿಟ್ಟಿದ್ದಳು. ಪಕ್ಕದ ಕೋಣೆಯಲ್ಲೇ ಇದ್ದ ಮಗಳನ್ನು ಕರೆದು ಟೇಪು ಹಿಡಿಯಬೇಕೆಂದು ಹೊಳೆಯಲೇ ಇಲ್ಲ. ಗಿರಾಕಿಗಳ ಅಳತೆ ಇರುವುದು ಪುಸ್ತಕದಲ್ಲಿ ತಾನೇ?

"ತಡಿ, ಪಕ್ಕ ಬಿಚ್ಚಿ ಅಗಲ ಮಾಡ್ತೀನಿ."

"ಬೇಡ ಬಿಡಮ್ಮ, ಬಸ್ಸು ಬಂದ್ಬಿಡತ್ತೆ. ಹಳೇದೇ ಹಾಕ್ಕೊಳ್ತೀನಿ."

ಸಿಟ್ಟಿಲ್ಲ, ಅಳುವಿಲ್ಲ. ಬೇಕಾದ ಬಣ್ಣ ಸಿಗದೆ ಅಂಗಡಿಯಿಂದ ಹೊರಡುವವಳ ಹಾಗೆ, ಫ್ರಾಕನ್ನು ಮರ್ಯಾದೆಯಿಂದ ಮಡಚಿ ಮೇಜಿನ ಮೇಲಿಟ್ಟು, ಹಳೆಯದನ್ನು ಹಾಕಿಕೊಂಡು ಬಸ್ಸಿಗೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆ ಮರ್ಯಾದೆಗೆ ಏನು ಮಾಡುವುದೆಂದು ಅಮ್ಮನಿಗೆ ತಿಳಿಯಲಿಲ್ಲ. ಇದೇ ಮನೆಯಲ್ಲಿ ಉಣ್ಣುವ, ಮಲಗುವ ಈ ಮಗು ಯಾವಾಗ ತನ್ನ ಕೈ ತಪ್ಪಿಹೋಯಿತು?

ಅಳತೆ ಪುಸ್ತಕ ತೆರೆದೇ ಇತ್ತು. ಹಾಳೆಯ ಮೇಲಿನ ತಾರೀಕು ಮೂರು ವರ್ಷ ಹಳೆಯದು. ಎದೆ ಇಪ್ಪತ್ನಾಲ್ಕು, ಸೊಂಟ ಇಪ್ಪತ್ತೆರಡು. ತೋಳಿನ ಮುಂದೆ ಖಾಲಿ. ಆವತ್ತು ತೋಳಿಗೆ ಟೇಪು ಹಿಡಿಯುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದ್ದರು. 'ಹೀಗೇ ನಿಂತಿರು ಪುಟ್ಟಿ, ಒಂದೇ ನಿಮಿಷ' ಎಂದು ಎದ್ದುಹೋಗಿದ್ದಳು. ಆಮೇಲೆ? ಆಮೇಲಿನದು ಎಷ್ಟು ತಡಕಾಡಿದರೂ ನೆನಪಿಗೆ ಬರಲೊಲ್ಲದು.

"ಅಮ್ಮ, ಕೈ ಇಳಿಸ್ಲಾ?"

ಅಜ್ಜಿ ಹೇಳುವ ಕತೆಗಳಲ್ಲಾದರೆ ಇಂಥ ಹೊತ್ತಿಗೆ ದೀಪ ಆರುತ್ತದೆ, ಎಲ್ಲೋ ನಾಯಿ ಊಳಿಡುತ್ತದೆ. ಇಲ್ಲಿ ಬೆಳಗಿನ ಒಂಬತ್ತು ಗಂಟೆಯ ಬಿಸಿಲು ಮಿಷನ್ನಿನ ಮೇಲೆ ಹಾಯಾಗಿ ಬಿದ್ದಿತ್ತು. ದನಿ ಬಂದದ್ದು ಪರದೆಯ ಹಿಂದಿನಿಂದ. ಮೊದಲು ಅಳತೆ ತೆಗೆಯುತ್ತಿದ್ದ ಮೂಲೆ ಅದು; ಕೆಲಸ ಹೆಚ್ಚಾದ ಮೇಲೆ ಬಟ್ಟೆ ಸುರುಳಿಗಳನ್ನು ಒಟ್ಟಿದ್ದರಿಂದ ಮುಚ್ಚಿಹೋಗಿತ್ತು.

ಅಮ್ಮ ಪರದೆ ಸರಿಸಿದಳು. ಸುರುಳಿಗಳನ್ನು ಒಂದೊಂದಾಗಿ ಕೆಳಗಿಳಿಸಿದಳು.

ಆರು ವರ್ಷದ ಪುಟ್ಟಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮುಂದಿನ ಹಲ್ಲು ಬಿದ್ದ ಬಾಯಿ, ಎರಡೂ ಪಕ್ಕಕ್ಕೆ ಚಾಚಿದ ಕೈಗಳು. ಆ ಕೈಗಳ ಮೇಲೆ ಮೂರು ವರ್ಷದ ನೂಲಿನ ಚೂರುಗಳು ಪದರಪದರವಾಗಿ ಕೂತಿದ್ದವು. ಯಾರ್ಯಾರದೋ ಗೌನಿನ ಕೆಂಪು, ಯಾರದೋ ಕೋಟಿನ ಬೂದಿ, ಎಲ್ಲಕ್ಕಿಂತ ಮೇಲೆ ಇವತ್ತಿನ ಫ್ರಾಕಿನ ಹಳದಿ.

"ನೀನು... ಇನ್ನೂ ಇಲ್ಲೇ ಇದೀಯಾ?"

"ನೀನೇ ತಾನೇ ನಿಂತಿರು ಅಂದಿದ್ದು," ಎಂದಳು ಪುಟ್ಟಿ, ಇದೆಂಥ ಪೆದ್ದು ಪ್ರಶ್ನೆ ಎನ್ನುವಂತೆ. "ಅಲ್ಲಾಡಿದ್ರೆ ಅಳತೆ ತಪ್ಪತ್ತೆ ಅಂದಿದ್ದೆ. ನಾನು ಒಂಚೂರೂ ಅಲ್ಲಾಡಿಲ್ಲ, ಗೊತ್ತಾ?"

ಬಾಗಿಲ ಮೇಲೆ ದಬದಬ ಸದ್ದಾಯಿತು. "ರೀ ಟೈಲರಮ್ಮ! ನನ್ನ ಕೋಟು ಆಯ್ತಾ? ನಾನಿನ್ನೂ ಊದಿಕೊಳ್ಳೋದ್ರೊಳಗೆ ಕೊಟ್ಬಿಡಿ ತಾಯಿ!" ಬ್ಯಾಂಕಿನ ಮೇಡಂ. ಇವರ ಒಂದು ಮಾತಿಗೆ ಇಡೀ ಬ್ಯಾಂಕಿನ ಹೆಂಗಸರ ಹೊಲಿಗೆ ಇಲ್ಲಿಗೆ ಬರುತ್ತದೆ, ಇನ್ನೊಂದು ಮಾತಿಗೆ ನಿಂತೂ ಹೋಗುತ್ತದೆ.

ಅಮ್ಮನ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು. ಪುಟ್ಟಿ ಚಾಚಿದ ಕೈಗಳನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡಳು, ಬಹಳ ಹೊತ್ತು ನಿಲ್ಲುವ ರೂಢಿಯಾದವರ ಹಾಗೆ.

"ಮೇಡಂ, ಇವತ್ತು ಅಂಗಡಿ ಇಲ್ಲ!" ಅಮ್ಮ ನಿಂತಲ್ಲಿಂದಲೇ ಕೂಗಿದಳು.

"ಅಂಗಡಿ ಎಲ್ಲಿದೆ ರೀ? ಇದು ನಿಮ್ಮನೆ ಅಲ್ವಾ!"

ಮೇಡಂ ಗೊಣಗಿದ್ದು, ಚಪ್ಪಲಿಯ ಸದ್ದು ಗೇಟಿನ ತನಕ ಹೋದದ್ದು ಕೇಳಿಸಿತು. ಅಮ್ಮ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಮಂಡಿಯೂರಿದಳು. ಭುಜದಿಂದ ಮಣಿಕಟ್ಟಿನವರೆಗೆ ಹಿಡಿದಳು. ನೂಲಿನ ಕೆಳಗೆ ಆ ತೋಳು ತೊಳೆದಿಟ್ಟ ತಟ್ಟೆಯಷ್ಟು ತಣ್ಣಗಿತ್ತು. ಹದಿನೈದೂವರೆ. ಪುಸ್ತಕದಲ್ಲಿ ಬರೆದಳು.

"ಆಯ್ತು ಪುಟ್ಟೀ. ಕೈ ಇಳಿಸು."

ಕೈ ಮೆಲ್ಲಗೆ ಇಳಿಯಿತು. ನೂಲಿನ ಚೂರುಗಳು ಸದ್ದಿಲ್ಲದೆ ನೆಲಕ್ಕೆ ಉದುರಿದವು. ಪುಟ್ಟಿ ಉದ್ದಕ್ಕೆ ಉಸಿರು ಬಿಟ್ಟು ಅಮ್ಮನ ಭುಜದ ಮೇಲೆ ತಲೆಯಿಟ್ಟಳು. ಅಮ್ಮ ಅವಳನ್ನು ಎತ್ತಿಕೊಂಡಳು. ಅಪ್ಪಿದಷ್ಟೂ ಮಗು ಹಗುರಾಗುತ್ತ ಬಂತು, ನೆನೆಸಿ ಹಿಂಡಿದ ಬಟ್ಟೆ ಬಿಸಿಲಿಗೆ ಒಣಗುತ್ತ ಬಂದ ಹಾಗೆ.

"ಸಂಜೆ ಶಾಲೆ ಮುಗಿಸಿ ದೊಡ್ಡ ಪುಟ್ಟಿ ಬರ್ಲಿ, ಅವಳದೂ ಅಳತೆ ತೆಗೀತೀನಿ," ಎಂದಳು ಅಮ್ಮ.

"ಅವಳದು ಆಮೇಲೆ," ನಿದ್ದೆಗಣ್ಣಿನ ದನಿ ಕಿವಿಯ ಹತ್ತಿರವೇ ಉಸುರಿತು. "ಮೊದ್ಲು ಏಳು ವರ್ಷದವಳದು. ಅಡುಗೆಮನೆ ಬಾಗಿಲ ಹಿಂದೆ ಇದಾಳೆ, ಜಡೆ ಹಾಕಿಸ್ಕೊಳ್ಳೋಕೆ. ಎಂಟು ವರ್ಷದವಳು ಮೆಟ್ಟಿಲ ಕೆಳಗೆ. ಅವಳಿಗೆ ನಿಂಗೇನೋ ಗುಟ್ಟು ಹೇಳ್ಬೇಕಂತೆ."

ಅಮ್ಮನ ತೋಳಿನಲ್ಲಿ ಈಗ ಏನೂ ಇರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದಿನಿಂದ, ಸರದಿಯಲ್ಲಿ ಕೂತವರು ತಾವೂ ಇದ್ದೇವೆಂದು ತಿಳಿಸುವ ಹಾಗೆ, ಯಾರೋ ಬಲು ಸಂಕೋಚದಿಂದ ಕೆಮ್ಮಿದರು.