ಸುಣ್ಣಕಲ್ಲಿನ ಷರತ್ತು

ಜೈಸಲ್ಮೇರಿನ ಆ ಹಳದಿ ಸುಣ್ಣಕಲ್ಲಿನ ಗುಡ್ಡ ಜುರಾಸಿಕ್ ಕಾಲದಲ್ಲಿ ಕಡಲತಳವಾಗಿತ್ತು. ಧಾರವಾಡದ ಭೂವಿಜ್ಞಾನಿ ಶಿವಯೋಗಿ ಅಲ್ಲಿ ಮದುವೆಯ ಮಾತೆತ್ತಿದಾಗ, ಸಹೋದ್ಯೋಗಿ ನೀಲಾಂಬಿಕಾ ನಕ್ಕು ಷರತ್ತು ಹಾಕಿದ್ದಳು: "ಈ ಗುಡ್ಡದಾಗ ಒಂದು ಅಮೋನೈಟ್ ಪಳೆಯುಳಿಕೆ ಹುಡುಕಿ ಕೊಡ್ರಿ, ಆಮ್ಯಾಲೆ ನೋಡೂಣು."

ಹಾಗೆ ಹುಡುಕತೊಡಗಿದ ನಾಲ್ಕನೆಯ ಚಳಿಗಾಲದ ಕೊನೆಯ ದಿನ ಅವನ ಸುತ್ತಿಗೆಯೇಟಿಗೆ ಕಲ್ಲು ಸೀಳಿ, ಒಳಗೆ ಅಮೋನೈಟಿನಂಥದೇ ಒಂದು ಸುರುಳಿ ಚಿಪ್ಪು ಕಂಡಿತು. ಅವನು ಟೋಪಿಯನ್ನು ಗಾಳಿಗೆ ತೂರಿ, ಕುಣಿಯುತ್ತಲೇ ಗುಡ್ಡ ಇಳಿದ.

"ಸಿಕ್ತು! ನೋಡ್ರಿ, ಸಿಕ್ತು!"

ಅವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಅಮೋನೈಟ್ ಅಲ್ರಿ. ಬರೇ ಬಸವನಹುಳದ ಚಿಪ್ಪು."

ಅವನ ಕುಣಿತ ನಿಂತಿತು. "ಖರೇನ?"

"ಖರೇನ."

ಅವಳು ಆ ಕಲ್ಲನ್ನು ಜೋಪಾನವಾಗಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಬಸವನಹುಳಾನೂ ನಡೀತದ. ಮುಹೂರ್ತ ನೋಡಸ್ರಿ."