ಸಾಹೇಬರ ನೆತ್ತಿಯ ಮೇಲೊಂದು ಲೋಟ

“ಗಾಳಿ ನೀರನ್ನ ಎತ್ತಿ ಹಿಡಿಯುತ್ತೆ ಅಂತೀರಲ್ಲ ಮೇಡಂ, ಎಲ್ಲಿ, ನನ್ನ ತಲೆ ಮೇಲೇ ತೋರಿಸಿ ನೋಡೋಣ,” ಎನ್ನುತ್ತ ಶಾಲೆಯ ತಪಾಸಣೆಗೆ ಬಂದಿದ್ದ ಸಾಹೇಬರು ಏಳನೇ ತರಗತಿಯ ನಡುಮಧ್ಯಕ್ಕೆ ಕುರ್ಚಿ ಎಳೆದುಕೊಂಡು ಕೂತರು.

ವಿಜ್ಞಾನದ ಟೀಚರು ಹೆದರಲಿಲ್ಲ. ಹಿಂದಿನ ದಿನ ಈ ಪ್ರಯೋಗವನ್ನ ಮೂರು ಸಲ ಮಾಡಿ ಮೂರು ಸಲವೂ ಸೀರೆ ನೆನೆಸಿಕೊಂಡಿದ್ದವರು, ಇವತ್ತು ಬೆಳಿಗ್ಗೆ ಬೇಗ ಬಂದು ಲೋಟದ ಬಾಯಿಗೆ ಗುಟ್ಟಾಗಿ ಗೋಂದು ಸವರಿಟ್ಟಿದ್ದರು. ಈಗ ಅದರ ತುಂಬ ನೀರು ತುಂಬಿ, ಮೇಲೊಂದು ರಟ್ಟು ಒತ್ತಿ, ಸಾಹೇಬರ ಬೋಳುತಲೆಯ ಮೇಲೆ ಬೋರಲು ಹಿಡಿದು, ರಟ್ಟಿನ ಕೆಳಗಿದ್ದ ಕೈ ತೆಗೆದರು. ಒಂದು ಹನಿಯೂ ಬೀಳಲಿಲ್ಲ. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು.

“ವಾತಾವರಣದ ಒತ್ತಡ ಸರ್. ಕೆಳಗಿಂದ ಗಾಳಿ ರಟ್ಟನ್ನ ಒತ್ತಿ ಹಿಡಿದಿದೆ. ನಂಬಬೇಕು ಅಷ್ಟೇ.”

ಸಾಹೇಬರು ಕತ್ತು ಅಲ್ಲಾಡಿಸದೆ ಕಣ್ಣಷ್ಟೇ ಮೇಲೆತ್ತಿದರು. “ನಾನೂ ಮೇಷ್ಟ್ರಾಗಿದ್ದವನೇ ಕಣಮ್ಮಾ. ಗೋಂದು ಗೀಂದು ಹಚ್ಚಿಲ್ಲ ತಾನೆ? ಹಚ್ಚಿದ್ರೆ ವರದೀಲಿ ಬರೀತೀನಿ.”

“ಛೆ ಛೆ, ಎಲ್ಲಾದರೂ ಉಂಟೆ ಸರ್!”

ಮುಂದಿನ ಸಾಲಿನ ಫಿಲೋಮಿನಾಗೆ ತನ್ನ ಟೀಚರ ಮೇಲೆ ಇಂಥ ಅಪವಾದ ಬಂದದ್ದು ತಡೆಯಲಾಗಲಿಲ್ಲ. ಸಾಹೇಬರು ಬರುವ ದಿನ ಶಾಲೆಯ ಲೋಟಗಳನ್ನೆಲ್ಲ ತೊಳೆದಿಡುವ ಕೆಲಸ ಅವಳದು.

“ಗೋಂದಿಲ್ಲ ಸಾರ್! ಬಾಯಿ ಹತ್ರ ಏನೋ ಅಂಟಂಟಾಗಿತ್ತು, ನಾನೇ ಸೋಪು ಹಾಕಿ ಗಸಗಸ ಉಜ್ಜಿ ತೊಳೆದಿಟ್ಟೆ!”

ಅಷ್ಟು ಹೊತ್ತೂ ಕಲ್ಲಿನಂತೆ ನಿಂತಿದ್ದ ಟೀಚರ ಕೈ ಗಡಗಡ ನಡುಗಿ, ರಟ್ಟು ಜಾರಿತು.